ಕೂಲಿ ಎನ್ನಲು ನಾಚಿದ ಆಟ

ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಕುಳಿತು ಫುಟ್‌ಬಾಲ್ ಬಗ್ಗೆ ಬರೆಯುವುದು ತುಸು ವಿಚಿತ್ರವೇ. ಈ ಸೀಮೆಯಲ್ಲಿ ಆಟವೆಂದರೆ ಕಬಡ್ಡಿ, ವಾಲಿಬಾಲ್, ಬಯಲು ಸಿಕ್ಕಲ್ಲಿ ಕ್ರಿಕೆಟ್. ಫುಟ್‌ಬಾಲ್ ಇದ್ದರೂ ಅದು ಶಾಲೆಯ ಬೀರುವಿನೊಳಗೆ ಗಾಳಿ ಹೋಗಿ ಮುದುಡಿಕೊಂಡಿರುತ್ತದೆ. ಆದರೆ ನಾನು ಹೇಳಬೇಕೆಂದಿರುವುದು ಆಟಕ್ಕಿಂತ ಹೆಚ್ಚಾಗಿ ದುಡಿಮೆಯ ವಿಷಯ. ಊರು ಬಿಟ್ಟು ಹೋಗಿ ದುಡಿಯುವುದು ಏನೆಂದು ಈ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ.

ಮಳೆ ಕೈಕೊಟ್ಟ ವರ್ಷ ಮೆಕ್ಕೆಜೋಳ, ಶೇಂಗಾ ಎರಡೂ ಒಣಗಿದರೆ ಇಲ್ಲಿಯವರು ಮಲೆನಾಡಿನ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೋಗುತ್ತಾರೆ. ಹೊರಡುವ ಮೊದಲು ಮೇಸ್ತ್ರಿಯನ್ನು ಕೇಳುವ ಪ್ರಶ್ನೆಗಳು ಗಂಡಸರಿಗೂ ಹೆಂಗಸರಿಗೂ ಬಾಯಿಪಾಠ. ಕೂಲಿ ಎಷ್ಟು? ಮುಂಗಡ ಎಷ್ಟು? ಇರೋದಕ್ಕೆ ಎಲ್ಲಿ? ಕೈಕಾಲು ಮುರಿದರೆ ಯಾರು ನೋಡುತ್ತಾರೆ? ಉತ್ತರ ಸರಿಯಾಗಿ ಸಿಗುತ್ತದೆಂದಲ್ಲ. ಮೋಸ ನಡೆಯುತ್ತದೆ, ಕೊನೆಯ ವಾರದ ಕೂಲಿ ಮುಳುಗುತ್ತದೆ. ಆದರೆ ಕೇಳುವುದಕ್ಕೆ ಯಾರೂ ನಾಚುವುದಿಲ್ಲ. ಕಳೆದ ಶತಮಾನದ ನಡುವೆ ಬೆಂಗಳೂರಿನಿಂದ ಕಲ್ಕತ್ತೆಗೆ ಆಡಲು ಹೋದ ಫುಟ್‌ಬಾಲ್ ಆಟಗಾರರು ಇದೇ ನಾಲ್ಕು ಪ್ರಶ್ನೆಗಳನ್ನು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಕೇಳುವಂತಿರಲಿಲ್ಲ. ಅವರ ಕಾಲು ಕಲ್ಕತ್ತೆಯ ಮೈದಾನವನ್ನು ಆಳಿತು. ಕಾಗದದ ಮೇಲೆ ಮಾತ್ರ ಅವರು ಹವ್ಯಾಸಿಗಳು, ಬಿಡುವಿನ ವೇಳೆಯಲ್ಲಿ ಖುಷಿಗೆಂದು ಚೆಂಡು ಒದೆಯುವವರು. ಅವರಿಗೂ ನಮ್ಮ ಫುಟ್‌ಬಾಲಿಗೂ ಆದ ಹಾನಿಗೆ ವಲಸೆಯೇ ಕಾರಣವೆಂದು ಹೇಳುವವರಿದ್ದಾರೆ. ನನ್ನ ಪ್ರಕಾರ ಹಾನಿ ಆದದ್ದು ಈ ಸುಳ್ಳಿನಿಂದ.

ಮೊದಲು ಮನುಷ್ಯರು ಯಾರೆಂದು ನೋಡೋಣ. ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ, ತಂದೆ ಸೋದರರೆಲ್ಲ ಚೆಂಡಿನ ಹಿಂದೆ ಬಿದ್ದಿದ್ದ ಮನೆಯಲ್ಲಿ. ಆಗಿನ ಬೆಂಗಳೂರು ಫುಟ್‌ಬಾಲಿನಲ್ಲಿ ಸಣ್ಣ ಊರೇನಲ್ಲ. ಮುಂಬಯಿಯ ರೋವರ್ಸ್ ಕಪ್ ಎಂದರೆ ಬ್ರಿಟಿಷ್ ಪಲ್ಟನ್ನುಗಳ ಪಿತ್ರಾರ್ಜಿತ ಆಸ್ತಿ ಎಂಬಂತಿದ್ದ ಕಾಲದಲ್ಲಿ, 1937ರಲ್ಲಿ, ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಗೆದ್ದರು. 1948ರಲ್ಲಿ ಮತ್ತೊಮ್ಮೆ. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು 1946-47ರಲ್ಲಿ ಮೈಸೂರು ಎತ್ತಿಕೊಂಡಿತು, ಅದೂ ಬಂಗಾಳವನ್ನು ಸೋಲಿಸಿ. 1952-53ರಲ್ಲಿ ಮತ್ತೆ ಅದೇ ಬಂಗಾಳ, ಮತ್ತೆ ಮೈಸೂರಿಗೇ ಗೆಲುವು.

1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿ ಅಹ್ಮದ್ ಖಾನ್ ಜೊತೆಗೆ ಬೆಂಗಳೂರಿನ ಸಾರಂಗಪಾಣಿ ರಾಮನ್, ವಜ್ರವೇಲು, ಗೋಲ್‌ಕೀಪರ್ ವರದರಾಜ್ ಇದ್ದರು. ಜುಲೈ 31ರಂದು ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ 2-1ರಲ್ಲಿ ಸೋತರು. ಸಿಕ್ಕ ಎರಡು ಪೆನಾಲ್ಟಿಗಳೂ ಹಾಳಾದವು, ಫ್ರಾನ್ಸ್‌ನ ಗೆಲುವಿನ ಗೋಲು ಬಿದ್ದದ್ದು ಕೊನೆಯ ನಿಮಿಷಗಳಲ್ಲಿ. ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಆ ದಿನ ರಾಮನ್ ಹೊಡೆದದ್ದು. ಕರ್ನಾಟಕದ ಶಾಲಾ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತಿದೆ ಎಂದು ಕೇಳಿನೋಡಿ. ಶಾಲಾ ಮಾಸ್ತರರನ್ನೇ ಕೇಳಿನೋಡಿ.

1949ರಲ್ಲಿ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಸುಮಾರು ಹತ್ತು ವರ್ಷ ಅಲ್ಲೇ ಆಡಿದರು. ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹ ದಕ್ಷಿಣದಿಂದ ಒಬ್ಬೊಬ್ಬರನ್ನಾಗಿ ಕರೆತಂದು ಕೂಡಿಸಿದ ಮುನ್ಪಡೆ ಅದು: ಬಲದಂಚಿನಲ್ಲಿ ವೆಂಕಟೇಶ್, ಒಳಗೆ ಅಪ್ಪಾರಾವ್, ನಟ್ಟನಡುವೆ ಧನರಾಜ್, ಎಡ ಒಳಗೆ ಅಹ್ಮದ್ ಖಾನ್, ಎಡದಂಚಿನಲ್ಲಿ ಕೇರಳದ ಸಾಲೇ. ಕಲ್ಕತ್ತೆ ಈ ಐವರನ್ನು ಪಂಚಪಾಂಡವರೆಂದು ಕರೆಯಿತು. 1949ರಲ್ಲಿ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರೂ ಒಂದೇ ವರ್ಷ ಬಂದವು. ಶೀಲ್ಡ್ ಅಂತೂ 1949, 1950, 1951 ಸತತ ಮೂರು ಬಾರಿ. 1951 ಮತ್ತು 1952ರಲ್ಲಿ ಡ್ಯೂರಂಡ್ ಕಪ್. ಅಹ್ಮದ್ ಖಾನ್ ಅವರ ಬೂಟಿಲ್ಲದ ಕಾಲಿನ ಚಳಕ ಕಂಡು ಅಲ್ಲಿಯ ಜನ ಅವರನ್ನು ಹಾವಾಡಿಗ ಎಂದರು. 1951ರ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಭಾರತವನ್ನು 10-1ರಲ್ಲಿ ಅರೆದುಹಾಕಿದಾಗ ಆ ಒಂದು ಗೋಲು ಅವರದೇ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಟ್ರೋಫಿಗಳ ಪಟ್ಟಿಗಿಂತ ಆ ಕ್ಲಬ್ಬಿನ ಹುಟ್ಟು. ಈಸ್ಟ್ ಬೆಂಗಾಲ್ 1920ರಲ್ಲಿ ಕಟ್ಟಿದ್ದು ಪೂರ್ವ ಬಂಗಾಳದಿಂದ ಬಂದು ಕಲ್ಕತ್ತೆಯಲ್ಲಿ ಪರಕೀಯರೆನಿಸಿಕೊಂಡವರು. ದೇಶ ಒಡೆದ ಮೇಲೆ ಮನೆ ಹೊಲ ಕಳೆದುಕೊಂಡು ಲಕ್ಷಗಟ್ಟಲೆ ಜನ ಗಡಿ ದಾಟಿ ಬಂದಾಗ, ಕೆಂಪು ಹಳದಿ ಅಂಗಿಯ ಈ ತಂಡವೇ ಅವರಿಗೆ ಉಳಿದ ಊರಾಯಿತು. ಅಂಥ ನಿರಾಶ್ರಿತರ ತಂಡಕ್ಕೆ ಗೋಲು ಹೊಡೆದುಕೊಟ್ಟವರು ಬಂಗಾಳಿಗಳೇ ಅಲ್ಲದ ಐವರು ದಕ್ಷಿಣದವರು. ಅವರಲ್ಲಿ ಇಬ್ಬರು ಮುಸಲ್ಮಾನರು. ದೇಶ ಹೋಳಾಗಿ ಇನ್ನೂ ಎರಡು ವರ್ಷ, ಗಲಭೆಯ ಗಾಯ ಹಸಿಯಾಗಿದ್ದಾಗ, ಮನೆ ಸುಟ್ಟುಕೊಂಡು ಬಂದವರು ಅಹ್ಮದ್ ಖಾನರನ್ನೂ ಸಾಲೇಯನ್ನೂ ಪಾಂಡವರ ಸಾಲಿನಲ್ಲಿ ಕೂಡಿಸಿದರು. ನಮ್ಮ ಇತಿಹಾಸದ ಪಾಠಗಳಲ್ಲಿ ಇದಕ್ಕೆ ಒಂದು ಪುಟವಾದರೂ ಸಲ್ಲಬೇಕಿತ್ತು.

ಹಾಗೆಂದು ಕಣ್ಣೀರು ಹಾಕಿ ಮುಗಿಸುವಂತಿಲ್ಲ. ಮೈದಾನದ ಪ್ರೀತಿ ಗೋಲಿನ ಲೆಕ್ಕದ ಪ್ರೀತಿ. ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಬಹುದು. ಬರ್ಟ್ ಟ್ರೌಟ್‌ಮನ್ ಹಿಟ್ಲರನ ಸೈನ್ಯದಲ್ಲಿ ಪ್ಯಾರಾಚೂಟ್ ಸೈನಿಕನಾಗಿದ್ದವನು, ಯುದ್ಧಕೈದಿಯಾಗಿ ಇಂಗ್ಲೆಂಡಿಗೆ ಬಂದು ಅಲ್ಲೇ ಉಳಿದವನು. 1949ರಲ್ಲಿ ಮ್ಯಾಂಚೆಸ್ಟರ್ ಸಿಟಿ ಅವನನ್ನು ಗೋಲ್‌ಕೀಪರನಾಗಿ ತೆಗೆದುಕೊಂಡಾಗ ಸಾವಿರಾರು ಜನ ಬೀದಿಗಿಳಿದು ಪ್ರತಿಭಟಿಸಿದರು. 1956ರ ಎಫ್‌ಎ ಕಪ್ ಫೈನಲ್‌ನಲ್ಲಿ ಕತ್ತಿನ ಮೂಳೆ ಮುರಿದುಕೊಂಡೂ ಕೊನೆಯವರೆಗೆ ಗೋಲು ಕಾಯ್ದಾಗ ಅದೇ ನಗರ ಅವನನ್ನು ಹೊತ್ತು ಮೆರೆಸಿತು. ಎರಡೂ ಕಡೆ ಜನ ಪರಕೀಯನನ್ನು ಒಪ್ಪಿಕೊಂಡರು, ನಿಜ. ಆದರೆ ಟ್ರೌಟ್‌ಮನ್‌ಗೆ ಜನರ ಒಪ್ಪಿಗೆಯ ಆಚೆಗೂ ಒಂದು ವಸ್ತು ಇತ್ತು. ಅವನ ಹೆಸರು ವೃತ್ತಿಪರನೆಂದು ದಾಖಲಾಗಿತ್ತು, ವಾರದ ಸಂಬಳ ಪುಸ್ತಕದಲ್ಲಿ ಬರೆದಿತ್ತು.

ಆ ಪುಸ್ತಕವೇನೂ ಧರ್ಮಗ್ರಂಥವಲ್ಲ. ಇಂಗ್ಲೆಂಡಿನ ಕ್ಲಬ್ಬುಗಳು ಆಟಗಾರನ ಸಂಬಳಕ್ಕೆ ಮಿತಿ ಹಾಕಿದ್ದವು. 1961ರ ಜನವರಿಯಲ್ಲಿ ಆ ಮಿತಿ ರದ್ದಾದಾಗ ಅದು ವಾರಕ್ಕೆ 20 ಪೌಂಡ್. ಕರಾರು ಮುಗಿದ ಮೇಲೂ ಆಟಗಾರನನ್ನು ಬಿಡದೆ ಕಟ್ಟಿಹಾಕಿಕೊಳ್ಳುವ ಪದ್ಧತಿ ಇತ್ತು, ಜೀತದ ತಮ್ಮನೇ. ಆದರೆ ಅದೆಲ್ಲ ಬರಹದಲ್ಲಿ ಇದ್ದದ್ದರಿಂದಲೇ ಜಿಮ್ಮಿ ಹಿಲ್‌ನಂಥವನು ಆಟಗಾರರ ಸಂಘದ ಮುಂದಾಳಾಗಿ ಮುಷ್ಕರದ ಬೆದರಿಕೆ ಹಾಕಲು ಸಾಧ್ಯವಾಯಿತು. ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ನ್ಯೂಕ್ಯಾಸಲ್ ಕ್ಲಬ್ಬಿನ ಮೇಲೆ ಕೋರ್ಟಿಗೆ ಹೋಗಿ 1963ರಲ್ಲಿ ಗೆದ್ದ. ಅನ್ಯಾಯ ಕಾಗದದ ಮೇಲಿದ್ದರೆ ಅದನ್ನು ಹಿಡಿದು ಎಳೆಯಬಹುದು. ಕಲ್ಕತ್ತೆಯಲ್ಲಿ ಎಳೆಯಲು ಏನಿತ್ತು? ಕ್ಲಬ್ಬಿನ ಮೆಸ್ಸಿನಲ್ಲಿ ಒಂದು ಮಂಚ, ಎರಡು ಹೊತ್ತಿನ ಊಟ, ಪ್ರಯಾಣದ ಖರ್ಚು ಎಂಬ ಹೆಸರಿನಲ್ಲಿ ಕೈಗೆ ಬಂದ ಒಂದಿಷ್ಟು ನೋಟು, ಅದೃಷ್ಟವಿದ್ದವರಿಗೆ ರೈಲ್ವೆಯಲ್ಲೋ ಬಂದರಿನಲ್ಲೋ ಒಂದು ನೌಕರಿ. ಅಂದಿನ ಕಲ್ಕತ್ತೆಯ ಫುಟ್‌ಬಾಲ್ ನಡೆದದ್ದು ಹೀಗೆ. ಕೊಟ್ಟದ್ದಕ್ಕೂ ಸಾಕ್ಷಿಯಿಲ್ಲ, ಕೊಡದಿದ್ದದ್ದಕ್ಕೂ ಸಾಕ್ಷಿಯಿಲ್ಲ.

ಇದಕ್ಕೆ ಒಂದು ಸಮರ್ಥನೆ ಇದೆ, ಅದನ್ನು ಕೇಳಿಸಿಕೊಳ್ಳಬೇಕು. ಒಲಿಂಪಿಕ್ಸ್‌ನಲ್ಲಿ ಆಗ ವೃತ್ತಿಪರರಿಗೆ ಪ್ರವೇಶವಿರಲಿಲ್ಲ. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಲಂಡನ್, ಹೆಲ್ಸಿಂಕಿ, ಮೆಲ್ಬರ್ನ್ ಬೇಕಿತ್ತು. ಸಂಬಳವೆಂದು ಬರೆದಿದ್ದರೆ ಅಹ್ಮದ್ ಖಾನ್ ಒಲಿಂಪಿಕ್ಸ್ ಆಡುತ್ತಿರಲಿಲ್ಲ, 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೆಯ ಸ್ಥಾನ ಬಂದ ತಂಡದಲ್ಲಿ ನಮ್ಮ ಕೆಂಪಯ್ಯ ಇರುತ್ತಿರಲಿಲ್ಲ. ಮಾತು ಸರಿಯೇ. ಆದರೆ ಹೆಲ್ಸಿಂಕಿಯಲ್ಲಿ ನಮ್ಮನ್ನು ಹತ್ತು ಗೋಲಿನಿಂದ ಹೊಡೆದ ಯುಗೊಸ್ಲಾವಿಯದವರು ಯಾವ ಬಗೆಯ ಹವ್ಯಾಸಿಗಳು? ಅವರನ್ನು ಫೈನಲ್‌ನಲ್ಲಿ ಸೋಲಿಸಿ ಚಿನ್ನ ಗೆದ್ದ ಹಂಗೆರಿಯ ಪುಷ್ಕಾಷ್ ಕಾಗದದ ಮೇಲೆ ಸೈನ್ಯದ ಅಧಿಕಾರಿ. ಸುಳ್ಳನ್ನು ಎಲ್ಲರೂ ಹೇಳುತ್ತಿದ್ದರು. ಅವರ ಸರಕಾರಗಳು ಆ ಸುಳ್ಳಿನ ಜೊತೆಗೆ ಹುದ್ದೆ, ಸಂಬಳ, ಮನೆ ಕೊಟ್ಟವು. ನಮ್ಮಲ್ಲಿ ಸುಳ್ಳು ಉಚಿತವಾಗಿ ಬಂತು.

ಇನ್ನೂ ಒಂದು ಮಾತಿದೆ. ದುಡ್ಡಿಗೆ ಆಡುವುದು ಕೀಳು ಎಂಬ ಭಾವನೆ ನಮ್ಮ ನೆಲದ್ದೇ? ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿ ನೋಡಿದವರಿಗೆ ಗೊತ್ತು. ಜೋಡಿ ಕಟ್ಟುವಾಗಲೇ ಮೊತ್ತ ಕೂಗಿ ಹೇಳುತ್ತಾರೆ. ಪಟ್ಟು ಚೆನ್ನಾಗಿ ಬಿದ್ದರೆ ನೋಡುವವರೇ ಜೇಬಿಗೆ ಕೈಹಾಕಿ ಮೇಲೊಂದಿಷ್ಟು ಸೇರಿಸುತ್ತಾರೆ, ಅದನ್ನೂ ಮೈಕಿನಲ್ಲಿ ಕೊಟ್ಟವರ ಹೆಸರು ಹಿಡಿದು ಹೇಳುತ್ತಾರೆ. ಹೊರಜಿಲ್ಲೆಯಿಂದ ಬಂದ ಪೈಲ್ವಾನನಿಗೂ ಊರಿನ ಪೈಲ್ವಾನನಿಗೂ ಒಂದೇ ಮಣ್ಣು, ಒಂದೇ ಲೆಕ್ಕ. ಹಣ ಪಡೆದನೆಂದು ಯಾವ ಪೈಲ್ವಾನನ ಮರ್ಯಾದೆಯೂ ಹೋದದ್ದಿಲ್ಲ. ಗರಡಿಮನೆಗೆ ಅರಮನೆ ಅಕ್ಕಿ, ಬೆಣ್ಣೆ ಕೊಡುತ್ತಿದ್ದ ಕಾಲದಲ್ಲೂ ಅದು ಬಹಿರಂಗವಾಗಿಯೇ ನಡೆಯುತ್ತಿತ್ತು.

ಹವ್ಯಾಸಿ ಎಂಬ ಆದರ್ಶ ಬಂದದ್ದು ಇಂಗ್ಲೆಂಡಿನ ಸಿರಿವಂತರ ಶಾಲೆಗಳಿಂದ. ಅಪ್ಪನ ಆಸ್ತಿಯ ಮೇಲೆ ಬದುಕುವವರಿಗೆ ಆಟದಿಂದ ಹಣ ಬೇಕಾಗಿರಲಿಲ್ಲ, ಹಾಗಾಗಿ ಹಣ ಬೇಕಾದವರನ್ನು ಕೀಳೆಂದರು. ಗಿರಣಿ, ಗಣಿಗಳ ಕಾರ್ಮಿಕರು ಶನಿವಾರ ಕೆಲಸ ಬಿಟ್ಟು ಆಡಿದರೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡುವುದು ತಪ್ಪೇ ಎಂಬ ಜಗಳ ಅಲ್ಲಿ ಎಷ್ಟೋ ವರ್ಷ ನಡೆದು, 1885ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ವೃತ್ತಿಪರತೆಯನ್ನು ಒಪ್ಪಿತು. ಅಂದರೆ ಅಹ್ಮದ್ ಖಾನ್ ಹುಟ್ಟುವ ನಲವತ್ತು ವರ್ಷ ಮೊದಲೇ ಆಂಗ್ಲರು ತಮ್ಮ ಮನೆಯಲ್ಲಿ ಕಳಚಿಹಾಕಿದ್ದ ಅಂಗಿಯನ್ನು ನಾವು ಇಸ್ತ್ರಿ ಮಾಡಿ ಹಾಕಿಕೊಂಡು ಕುಳಿತಿದ್ದೆವು. ನಮ್ಮ ಫುಟ್‌ಬಾಲ್ ಸಂಸ್ಥೆಗಳನ್ನು ನಡೆಸಿದವರು ಯಾರೆಂದು ನೋಡಿದರೆ ಕಾರಣ ತಿಳಿಯುತ್ತದೆ: ವಕೀಲರು, ದೊಡ್ಡ ವ್ಯಾಪಾರಿಗಳು, ಅಧಿಕಾರಿಗಳು, ರಾಜಮನೆತನದವರು. ಅವರಾರಿಗೂ ತಿಂಗಳ ಕೊನೆ ಚೆಂಡಿನಿಂದ ತುಂಬಬೇಕಾಗಿರಲಿಲ್ಲ.

ಇಲ್ಲಿ ಬೆಂಗಳೂರಿಗೆ ಒಂದು ಮೆಚ್ಚುಗೆ ಸಲ್ಲಬೇಕು, ಮತ್ತು ಅದು ನನ್ನ ವಾದಕ್ಕೇ ಸ್ವಲ್ಪ ಅಡ್ಡ ಬರುತ್ತದೆ. 1940ರಲ್ಲಿ ಶುರುವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರ ಐಟಿಐ, ಆಮೇಲೆ ಬಂದ ಎಚ್‌ಎಂಟಿ, ಬಿಇಎಲ್, ಸೈನ್ಯದ ಘಟಕಗಳು, ಪೊಲೀಸು ಇವೆಲ್ಲ ಆಟಗಾರರನ್ನು ನೌಕರಿಗೆ ತೆಗೆದುಕೊಂಡವು. ಹಾಜರಿ ಪುಸ್ತಕದಲ್ಲಿ ಫಿಟ್ಟರ್, ಗುಮಾಸ್ತ. ಸಂಜೆ ಮೈದಾನದಲ್ಲಿ ಹಾಫ್‌ಬ್ಯಾಕ್. ಇದೂ ಸುಳ್ಳೇ. ಆದರೆ ಈ ಸುಳ್ಳಿಗೆ ಭವಿಷ್ಯನಿಧಿ ಇತ್ತು, ಆಸ್ಪತ್ರೆ ಇತ್ತು, ಕಾಲು ಸೋತ ಮೇಲೂ ಐವತ್ತೆಂಟರವರೆಗೆ ಸಂಬಳ ಇತ್ತು. ಕಲ್ಕತ್ತೆಗೆ ಹೋದವನಿಗೆ ಸಾವಿರಾರು ಜನರ ಕೂಗು, ಇಲ್ಲೇ ಉಳಿದವನಿಗೆ ಕಾರ್ಖಾನೆಯ ಕ್ವಾರ್ಟರ್ಸ್. ನನಗೆ ಮಗನಿದ್ದು ಅವನು ಆಡುವವನಾಗಿದ್ದರೆ ಯಾವುದನ್ನು ಆರಿಸಿಕೊ ಎನ್ನುತ್ತಿದ್ದೆ ಎಂದು ಕೇಳಿಕೊಂಡರೆ, ಬಾಯಿಗೆ ಬರುವುದು ಕ್ವಾರ್ಟರ್ಸ್. ಮೈಸೂರು 1967-68 ಮತ್ತು 1968-69ರಲ್ಲಿ ಸತತವಾಗಿ ಸಂತೋಷ್ ಟ್ರೋಫಿ ಗೆದ್ದ ಹಿಂದೆ ಈ ಕಾರ್ಖಾನೆ ಮತ್ತು ಇಲಾಖೆ ತಂಡಗಳ ಅನ್ನ ಇದೆ.

ಆ ಅನ್ನ ನಿಂತಿತು. ಐಟಿಐ, ಎಚ್‌ಎಂಟಿ ಸೊರಗಿದವು, ಕ್ರೀಡಾ ಕೋಟಾದ ನೇಮಕ ಬತ್ತಿತು. ಇನ್ನೊಂದು ಸಂತೋಷ್ ಟ್ರೋಫಿ ಬರಲು ಐವತ್ತನಾಲ್ಕು ವರ್ಷ ಬೇಕಾಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಮಣಿಸಿತು. ಕಲ್ಕತ್ತೆ ನಮ್ಮ ಆಟಗಾರರನ್ನು ಕಸಿದುಕೊಂಡಿತು, ಅದರಿಂದ ನಮ್ಮ ಫುಟ್‌ಬಾಲ್ ಬಡವಾಯಿತು ಎಂದು ಹೇಳುವವರು ಈ ವರ್ಷಗಳ ಜೋಡಣೆ ಗಮನಿಸಬೇಕು. ಅಹ್ಮದ್ ಖಾನ್, ಕೆಂಪಯ್ಯ, ಆಮೇಲೆ ಮೋಹನ್ ಬಗಾನ್‌ಗೆ ಹೋಗಿ 1962ರ ಜಕಾರ್ತದಲ್ಲಿ ಏಷ್ಯನ್ ಚಿನ್ನ ಗೆದ್ದ ತಂಡದಲ್ಲಿದ್ದ ಅರುಮೈನಾಯಗಂ, ಹೀಗೆ ಒಬ್ಬರ ಹಿಂದೆ ಒಬ್ಬರು ಕಲ್ಕತ್ತೆಯ ರೈಲು ಹತ್ತುತ್ತಿದ್ದ ಕಾಲದಲ್ಲೇ ಮೈಸೂರು ಗೆಲ್ಲುತ್ತಿತ್ತು. ಹೋದವರನ್ನು ನೋಡಿ ಇನ್ನಷ್ಟು ಹುಡುಗರು ಆಡಿದರು. ಬಡವಾದದ್ದು ಮನೆಯಲ್ಲಿ ಒಲೆ ಆರಿದಾಗ.

ಕಸಿದುಕೊಂಡರು ಎನ್ನುವ ಮೊದಲು ಇನ್ನೊಂದು ಲೆಕ್ಕ ಚುಕ್ತಾ ಆಗಬೇಕು. ನಾವು ಅವರನ್ನು ನಮ್ಮವರೆಂದು ಯಾವಾಗ ಎಣಿಸಿದ್ದೆವು? ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ದಂಡು ಪ್ರದೇಶದಲ್ಲಿ. ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ. ಪಲ್ಟನ್ನುಗಳ ಹಿಂದೆ ಬಂದು ನೆಲೆಸಿದ ತಮಿಳರು, ದಖನಿ ಮಾತಾಡುವ ಮುಸಲ್ಮಾನರು, ಆಂಗ್ಲೋ ಇಂಡಿಯನ್ನರು. ದಂಡು ಪ್ರದೇಶ 1947ರ ನಡುವಿನವರೆಗೆ ಮೈಸೂರು ಸಂಸ್ಥಾನದ ಆಡಳಿತದಲ್ಲೇ ಇರಲಿಲ್ಲ. ಅಂದರೆ ನಮ್ಮ ಕಾಲ್ಚೆಂಡಿನ ಕಣಜವೇ ವಲಸಿಗರ ಮಕ್ಕಳದು. ಅವರು ಕಲ್ಕತ್ತೆಗೆ ಹೋದದ್ದು ಎರಡನೆಯ ವಲಸೆ. ಕನ್ನಡದ ಬರಹಗಾರರು, ಪತ್ರಿಕೆಗಳು ನೋಡಿದ್ದು ಪೇಟೆಯ ಕಡೆ. ಆಟದ ವಿಷಯಕ್ಕೆ ಬಂದರೆ ಕ್ರಿಕೆಟ್ಟಿನ ಕಡೆ. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಬಗ್ಗೆ ನಮ್ಮಲ್ಲಿ ಮನೆಮಾತಿನಷ್ಟು ಕಥೆಗಳಿವೆ, ಇರಲಿ, ಅವರು ಅದಕ್ಕೆ ಅರ್ಹರೇ. ಒಲಿಂಪಿಕ್ಸ್ ಆಡಿದ ವರದರಾಜ್, ವಜ್ರವೇಲು ಬಗ್ಗೆ ಕನ್ನಡದಲ್ಲಿ ಎಷ್ಟು ಪುಟ ಇದೆ? ಗೌತಮಪುರದ ಜನ ತಮ್ಮ ಬೀದಿಯಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿದ್ದಾರೆ. ನಾಡು ಯಾರ ಪ್ರತಿಮೆಯನ್ನೂ ಕೊಡದಿದ್ದಾಗ ಅವರು ತಮಗೆ ಬೇಕಾದವರನ್ನು ತಂದುಕೊಂಡರು. ನನಗಂತೂ ಅದು ತಪ್ಪೆನಿಸುವುದಿಲ್ಲ.

ಕಲ್ಕತ್ತೆ ಅಪ್ಪಿಕೊಂಡದ್ದಕ್ಕೂ ಒಂದು ಕೊನೆ ಇರುತ್ತದೆ. ಪೂಂಗಂ ಕಣ್ಣನ್ ಅವರ ಬದುಕು ಅದಕ್ಕೆ ಉದಾಹರಣೆ. ತಮಿಳುನಾಡಿನ ವಂದವಾಸಿಯಲ್ಲಿ ಹುಟ್ಟಿ, ಬೆಂಗಳೂರಿಗೆ ಬಂದು, ಮೈಸೂರಿನ ಪರವಾಗಿ ಆಡಿ, 1960ರ ದಶಕದಲ್ಲಿ ಮೋಹನ್ ಬಗಾನ್ ಸೇರಿದರು, ಈಸ್ಟ್ ಬೆಂಗಾಲ್‌ಗೂ ಆಡಿದರು. ಏಷ್ಯಾದ ಪೆಲೆ ಎಂದು ಕರೆಸಿಕೊಂಡರು. ಅಲ್ಲೇ ಉಳಿದು 2019ರಲ್ಲಿ ಕೋಲ್ಕತ್ತದಲ್ಲೇ ತೀರಿಕೊಂಡರು. ಕೊನೆಯ ವರ್ಷಗಳ ಅವರ ಕಾಯಿಲೆ, ಹಣದ ಮುಗ್ಗಟ್ಟು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಅಂಥ ಸುದ್ದಿ ಬಂದಾಗ ಯಾರೋ ಅಭಿಮಾನಿಗಳು ಕೈಲಾದದ್ದು ಕೊಡುತ್ತಾರೆ, ಯಾವುದೋ ಕ್ಲಬ್ಬು ಶಾಲು ಹೊದಿಸುತ್ತದೆ. ಕೊಟ್ಟವರು ಒಳ್ಳೆಯವರೇ. ಆದರೆ ದುಡಿದವನಿಗೆ ಮುಪ್ಪಿನಲ್ಲಿ ಬರಬೇಕಾದದ್ದು ಬಾಕಿ ಹಣ. ಅದು ದಾನದ ರೂಪದಲ್ಲಿ ಬಂದರೆ ತೆಗೆದುಕೊಳ್ಳುವವನ ತಲೆ ತಗ್ಗುತ್ತದೆ, ಕೊಡುವವನ ಹೆಸರು ಏರುತ್ತದೆ. ಆಡುವಾಗ ಸಂಬಳವೆಂದು ಕರೆಯದಿದ್ದರೆ ಆಮೇಲೆ ಪಿಂಚಣಿ ಎಂದು ಕರೆಯಲು ಬರುವುದಿಲ್ಲ.

ಅಹ್ಮದ್ ಖಾನ್ ಬೆಂಗಳೂರಿಗೆ ಮರಳಿದರು. 2017ರ ಆಗಸ್ಟ್‌ನಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಹುಟ್ಟಿದ ಊರಲ್ಲೇ ತೀರಿಕೊಂಡರು. ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ. ಅಷ್ಟರಲ್ಲಿ ಅವರ ಆಟದ ದಿನಗಳು ಮುಗಿದಿದ್ದವು. ಅವರು ತೀರಿಕೊಂಡಾಗ ಅದೇ ಬೆಂಗಳೂರಿನಲ್ಲಿ ಸಾವಿರಾರು ಹುಡುಗರು ನೀಲಿ ಅಂಗಿ ತೊಟ್ಟು ಸುನಿಲ್ ಚೆಟ್ರಿಯ ಹೆಸರು ಕೂಗುತ್ತಿದ್ದರು. ಚೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ದೊಡ್ಡ ಆಟ ಶುರುಮಾಡಿದ್ದು 2002ರಲ್ಲಿ ಮೋಹನ್ ಬಗಾನ್‌ನಲ್ಲಿ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಇಲ್ಲಿಗೆ ಬಂದರು, ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆಲ್ಲಿಸಿದರು. ಅವರನ್ನು ಕನ್ನಡಿಗನಲ್ಲ ಎಂದು ಯಾರೂ ದೂರವಿಡಲಿಲ್ಲ. ಹೊರಗಿನಿಂದ ಬಂದವನನ್ನು ಇಷ್ಟು ಸಲೀಸಾಗಿ ನಮ್ಮವನೆನ್ನಲು ಬರುವ ಊರಿಗೆ, ಇಲ್ಲಿಂದ ಹೋಗಿ ಮರಳಿ ಬಂದವನು ಅರವತ್ತು ವರ್ಷ ಕಾಣಿಸದೆ ಹೋದದ್ದು ಹೇಗೆ? ಒಂದು ಉತ್ತರ ದೂರದರ್ಶನದ್ದು, ಹಣದ್ದು. ಇನ್ನೊಂದು ಉತ್ತರ ನನಗೆ ಹೆಚ್ಚು ಮುಖ್ಯ: ಚೆಟ್ರಿ ವೃತ್ತಿಪರನೆಂದು ಎಲ್ಲರಿಗೂ ಗೊತ್ತಿದೆ. ಕೆಲಸಕ್ಕೆ ಬಂದವನು, ಕೆಲಸ ಮಾಡಿಕೊಟ್ಟ. ಲೆಕ್ಕ ನೇರವಾಗಿರುವಲ್ಲಿ ಪ್ರೀತಿಗೂ ಜಾಗ ಸಿಗುತ್ತದೆ. ಹೋದವನ ಬಗ್ಗೆ ಉಳಿದದ್ದು ಮಾತ್ರ ಒಂದು ಅಸ್ಪಷ್ಟ ಮುನಿಸು, ಕಾಸಿಗಾಗಿ ಊರು ಬಿಟ್ಟ ಎಂಬಂಥದು.

ಕರಾರು ಬಂದ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ ನಡೆಯುತ್ತದೋ ಇಲ್ಲವೋ ಎಂಬ ಗೊಂದಲದ ನಡುವೆ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುತ್ತಿರುವುದಾಗಿ ಪ್ರಕಟಿಸಿತು. ಹಳೆಯವರು ನಗಬಹುದು, ಇದಕ್ಕಾಗಿಯೇ ಇಷ್ಟೆಲ್ಲ ಬೇಕಿತ್ತೇ ಎಂದು. ಬೇಕಿತ್ತು. ಸಂಬಳ ನಿಲ್ಲಿಸಿದರೆ ಬಹಿರಂಗವಾಗಿ ಹೇಳಬೇಕಾಯಿತು, ಅದು ಎಲ್ಲ ಪತ್ರಿಕೆಗಳಲ್ಲೂ ಬಂತು, ಆಟಗಾರರ ಕೈಯಲ್ಲಿ ತೋರಿಸಲು ಕರಾರುಪತ್ರ ಇತ್ತು. 1950ರ ಕಲ್ಕತ್ತೆಯಲ್ಲಿ ಮೊಣಕಾಲು ತಿರುಚಿದವನ ಮಂಚವನ್ನು ಮೆಸ್ಸಿನಿಂದ ಎತ್ತಿದರೆ ಅದು ಯಾವ ಪತ್ರಿಕೆಗೂ ಸುದ್ದಿಯಲ್ಲ.

ಈ ಹಳೆಯ ವಿಷಯ ಸೊಕ್ಕೆಗೆ ಯಾಕೆ ಎಂದು ಕೇಳುವವರಿದ್ದಾರೆ. ನಮ್ಮ ಕಡೆ ಹಬ್ಬ ಜಾತ್ರೆಗಳಿಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ನಡೆಯುತ್ತವೆ. ಗೆಲ್ಲಬೇಕೆಂಬ ಹಟ ಬಂದ ತಂಡ ಹೊರಗಿನಿಂದ ಒಬ್ಬಿಬ್ಬರು ಒಳ್ಳೆಯ ಆಟಗಾರರನ್ನು ಕರೆಸುತ್ತದೆ. ಬೇರೆ ತಾಲ್ಲೂಕಿನ ಹುಡುಗ ನಮ್ಮೂರಿನ ಹೆಸರಿನ ಬನಿಯನ್ ತೊಟ್ಟು ರೈಡಿಗೆ ಹೋಗುತ್ತಾನೆ, ನಮ್ಮ ಹುಡುಗರು ಇನ್ನೊಂದು ಊರಿನ ಬನಿಯನ್ ತೊಡುತ್ತಾರೆ. ಊಟ, ಬಸ್ ಚಾರ್ಜು, ಕೈಗೆ ಒಂದಿಷ್ಟು. 2014ರಿಂದ ಪ್ರೊ ಕಬಡ್ಡಿಯಲ್ಲಿ ಹರಾಜಿನಲ್ಲೇ ಆಟಗಾರನ ಬೆಲೆ ಕೂಗುತ್ತಾರೆ, ಅದು ಟಿವಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಊರಿನ ಪಂದ್ಯದಲ್ಲಿ ಮಾತ್ರ ಕೊಟ್ಟದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊರ ಅಭಿಮಾನಕ್ಕೆ ಆಡಿದ ಎನ್ನುತ್ತಾರೆ. ಬೆಳಗಿನ ಜಾವ ಎರಡು ಗಂಟೆಗೆ ಭುಜ ಕಳಚಿಕೊಂಡು ಬಿದ್ದವನನ್ನು ಜಗಳೂರಿನ ಆಸ್ಪತ್ರೆಗೆ ಒಯ್ಯಬೇಕಾದವರು ಕರೆಸಿದ ತಂಡದವರೋ, ಪಂದ್ಯ ನಡೆಸಿದವರೋ, ಹುಡುಗನ ಮನೆಯವರೋ ಎಂಬ ಪ್ರಶ್ನೆಗೆ ಆಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಪಂದ್ಯಾವಳಿಯ ಕರಪತ್ರದಲ್ಲಿ ಬಹುಮಾನದ ಮೊತ್ತ ದಪ್ಪ ಅಕ್ಷರದಲ್ಲಿ ಇರುತ್ತದೆ, ಅತಿಥಿಗಳ ಫೋಟೊಗಳಿಗೆ ಅರ್ಧ ಹಾಳೆ ಹೋಗುತ್ತದೆ. ಪ್ರವೇಶ ಶುಲ್ಕದಲ್ಲಿ ಒಂದು ಪಾಲು ಗಾಯಾಳುಗಳ ಚಿಕಿತ್ಸೆಗೆ ಎಂದು ಅದೇ ಹಾಳೆಯಲ್ಲಿ ಒಂದು ಸಾಲು ಸೇರಿಸಬಹುದು. ಹೊರಗಿನಿಂದ ಕರೆಸಿದ ಆಟಗಾರನಿಗೆ ಇಷ್ಟು ಕೊಡುತ್ತೇವೆ, ಪೆಟ್ಟಾದರೆ ನಾವು ನೋಡಿಕೊಳ್ಳುತ್ತೇವೆ ಎಂದು ತಂಡದ ವ್ಯವಸ್ಥಾಪಕ ಸಹಿ ಮಾಡಿದ ಒಂದು ಚೀಟಿ ಕೊಡಬಹುದು. ದುಗ್ಗಮ್ಮನ ಜಾತ್ರೆಯಲ್ಲಿ ಮೈಕಿನಲ್ಲಿ ಕೂಗಿ ಹೇಳುವುದನ್ನು ಕಬಡ್ಡಿ ಅಂಕಣದಲ್ಲಿ ಹೇಳಲು ಅಡ್ಡಿಯೇನೂ ಕಾಣುವುದಿಲ್ಲ. ಯಾರಾದರೂ ಇದರಿಂದ ಆಟದ ಪಾವಿತ್ರ್ಯ ಕೆಡುತ್ತದೆ ಎಂದರೆ, ಅವರ ಮನೆಗೆ ತಿಂಗಳ ಸಂಬಳ ಎಲ್ಲಿಂದ ಬರುತ್ತದೆ ಎಂದು ಮೊದಲು ಕೇಳಬೇಕು.